ಸಂಜೆಯಾದರೆ ಕಣ್ಣು ಮುಚ್ಚುವ ಕ್ಯಾಮೆರಾ: ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟು ಹರಿಯುವ ಬಗೆ

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕಿನ ಅಡಿಕೆ ತೋಟದ ಮನೆ. ಮನೆಗೆ ಮೂರು, ಗೋದಾಮಿಗೆ ಒಂದು, ಹೀಗೆ ನಾಲ್ಕು ಸಿಸಿಟಿವಿ ಕ್ಯಾಮೆರಾ ಹಾಕಿಸಿದ್ದೇವೆ. ಗೋದಾಮು ಮನೆಯಿಂದ ಸುಮಾರು ಎಂಬತ್ತು ಮೀಟರ್ ದೂರ. ಅಲ್ಲಿನ ಕ್ಯಾಮೆರಾ ಹಗಲೆಲ್ಲ ಚೆನ್ನಾಗಿರುತ್ತದೆ. ಸಂಜೆ ಆರೂವರೆ ಆಗುತ್ತಲೇ ಆಫ್ ಆಗುವುದು, ಆನ್ ಆಗುವುದು, ಮತ್ತೆ ಆಫ್. ಬೆಳಗಾದರೆ ತಾನೇ ಸರಿಹೋಗುತ್ತದೆ. ಅಳವಡಿಸಿದ ಹುಡುಗರು 1 ಆಂಪಿಯರ್ ಅಡಾಪ್ಟರ್ ತೆಗೆದು 2 ಆಂಪಿಯರ್‌ನದು ಹಾಕಿದರು, ಆಮೇಲೆ 5 ಆಂಪಿಯರ್‌ನದು. ಕ್ಯಾಮೆರಾವನ್ನೂ ಬದಲಿಸಿದರು. ಪ್ರಯೋಜನವಾಗಲಿಲ್ಲ. ಈಗ ‘ಪಿಒಇ ಸ್ವಿಚ್ ಹಾಕಿಸಿ, 48 ವೋಲ್ಟ್ ಬರುತ್ತದೆ’ ಎನ್ನುತ್ತಿದ್ದಾರೆ. ಕೇಬಲ್‌ನಲ್ಲಿ 48 ವೋಲ್ಟ್ ಹರಿದರೆ ಮಕ್ಕಳಿಗೆ ಶಾಕ್ ಹೊಡೆಯುವುದಿಲ್ಲವೇ? ಬೆಂಗಳೂರಿನಲ್ಲಿರುವ ನಮ್ಮ ಭಾವ ‘ಆ ಸ್ವಿಚ್ಚಿಗೆ ಲ್ಯಾಪ್‌ಟಾಪ್ ಚುಚ್ಚಿದರೆ ಸುಟ್ಟುಹೋಗುತ್ತದೆ’ ಎನ್ನುತ್ತಾರೆ. ಪಕ್ಕದ ತೋಟದವರು ‘ಕರೆಂಟಿರುವ ಕೇಬಲ್ ಸಿಡಿಲನ್ನು ಎಳೆಯುತ್ತದೆ’ ಎಂದು ಹೆದರಿಸಿದ್ದಾರೆ. ಕಳೆದ ಮೇ ತಿಂಗಳ ಸಿಡಿಲಿಗೆ ನಮ್ಮ ರೂಟರ್ ಹೋಗಿದ್ದೂ ನಿಜ. ಕ್ಯಾಮೆರಾದ ಲೇಬಲ್ಲಿನ ಮೇಲೆ ‘ಡಿಸಿ 12 ವೋಲ್ಟ್, ಪಿಒಇ 802.3ಎಎಫ್, ಗರಿಷ್ಠ 6 ವ್ಯಾಟ್’ ಎಂದಿದೆ. ಗೋದಾಮಿನಲ್ಲಿ ಒಂದು ಬಲ್ಬಿನ ಲೈನ್ ಇದೆ. ಏನು ಮಾಡುವುದು ಒಳ್ಳೆಯದು? ತೆಗೆದಿಟ್ಟ ಎರಡು ಅಡಾಪ್ಟರ್‌ಗಳು ಯಾವುದಕ್ಕಾದರೂ ಬರುತ್ತವೆಯೇ? ಫೋಟೋಗಳನ್ನು ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಪಕ್ಕದ ತೋಟದವರು ಹೇಳಿದ್ದರಲ್ಲಿ ಕಾಲುಭಾಗ. ಅಳವಡಿಸಿದ ಹುಡುಗರು ಕೊನೆಗೆ ಹೇಳಿದ್ದು ಸರಿ, ಆದರೆ ಅದನ್ನು ಮೊದಲ ದಿನವೇ ಹೇಳಬೇಕಿತ್ತು. ಪಿಒಇ ಎಂದರೆ ‘ಪವರ್ ಓವರ್ ಈಥರ್ನೆಟ್’, ಡೇಟಾ ಹೋಗುವ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟನ್ನೂ ಕಳುಹಿಸುವುದು. ಪಿಒಇ ಸ್ವಿಚ್ ಎಂದರೆ ಹಲವು ನೆಟ್‌ವರ್ಕ್ ಕೇಬಲ್‌ಗಳನ್ನು ಒಂದೆಡೆ ಜೋಡಿಸಿ ಅವುಗಳಿಗೆ ಹಾಗೆ ಕರೆಂಟು ಕೊಡುವ ಪೆಟ್ಟಿಗೆ.

ಫೋಟೋದಲ್ಲಿ ಗೋದಾಮಿನ ಕ್ಯಾಮೆರಾದ ಹಿಂದೆ ಕವಲೊಡೆದ ಚಿಕ್ಕ ಬಾಲವೊಂದು ಕಾಣುತ್ತದೆ. ಒಂದು ಕವಲು ಕ್ಯಾಮೆರಾದ ನೆಟ್‌ವರ್ಕ್ ತೂತಿಗೆ, ಇನ್ನೊಂದು 12 ವೋಲ್ಟ್ ತೂತಿಗೆ ಹೋಗಿದೆ. ಅಂಥದ್ದೇ ಬಾಲ ಮನೆಯ ತುದಿಯಲ್ಲೂ ಇದೆ, ಅದಕ್ಕೆ ಅಡಾಪ್ಟರ್ ಚುಚ್ಚಿದ್ದಾರೆ. ಅಂಗಡಿಯಲ್ಲಿ ಇದನ್ನೂ ‘ಪಿಒಇ ಕೇಬಲ್’ ಎಂದೇ ಮಾರುತ್ತಾರೆ. ಆದರೆ ಇದು ಕೇಬಲ್‌ನೊಳಗಿನ ಎಂಟು ತಂತಿಗಳಲ್ಲಿ ಬಳಕೆಯಾಗದೆ ಉಳಿದ ನಾಲ್ಕನ್ನು ಕರೆಂಟಿನ ವೈರ್ ಮಾಡಿಕೊಂಡ ಉಪಾಯ, ಅಷ್ಟೇ. ಹತ್ತು ಹದಿನೈದು ಮೀಟರ್‌ಗೆ ನಡೆಯುತ್ತದೆ. ನಿಮ್ಮ ಮನೆಯ ಮೂರು ಕ್ಯಾಮೆರಾಗಳು ತಕರಾರಿಲ್ಲದೆ ಓಡುತ್ತಿರುವುದು ಅದಕ್ಕೇ.

ಸಂಜೆ ಆರೂವರೆಗೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಕತ್ತಲಾದಾಗ ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ. ಹಗಲು ಎರಡೂವರೆ ವ್ಯಾಟ್‌ನಲ್ಲಿ ಬದುಕುತ್ತಿದ್ದ ಇಂಥ ಕ್ಯಾಮೆರಾ ಆಗ ಐದೂವರೆ ವ್ಯಾಟ್ ಕೇಳುತ್ತದೆ ಎಂದಿಟ್ಟುಕೊಳ್ಳಿ. ಸಾಮಾನ್ಯ 24 ಗೇಜಿನ ಒಂದು ತಾಮ್ರದ ತಂತಿಗೆ 100 ಮೀಟರ್‌ಗೆ ಸುಮಾರು 8.4 ಓಮ್ ಪ್ರತಿರೋಧ. ಹೋಗಲು ಎರಡು ತಂತಿ, ಬರಲು ಎರಡು. 80 ಮೀಟರ್‌ಗೆ ಹೋಗಿಬರುವ ದಾರಿಯ ಪ್ರತಿರೋಧ ಏಳು ಓಮ್‌ಗೆ ಸ್ವಲ್ಪ ಕಡಿಮೆ. ಆದರೆ ನಿಮ್ಮ ಕೇಬಲ್ ತಾಮ್ರದ್ದಲ್ಲ. ಕತ್ತರಿಸಿದ ತುದಿಯ ಫೋಟೋದಲ್ಲಿ ಹೊರಗೆ ತಾಮ್ರದ ಬಣ್ಣವೂ ನಡುವೆ ಬೆಳ್ಳಿಯ ಬಣ್ಣವೂ ಕಾಣುತ್ತಿವೆ. ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ವ್ಯಾಪಾರದಲ್ಲಿ ಸಿಸಿಎ ಎನ್ನುತ್ತಾರೆ. ಅದರ ಪ್ರತಿರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ಅಲ್ಲಿಗೆ ಸುಮಾರು ಹತ್ತೂವರೆ ಓಮ್.

ಹಗಲಿನಲ್ಲಿ ಕಾಲು ಆಂಪಿಯರ್‌ಗಿಂತ ತುಸು ಹೆಚ್ಚು ಕರೆಂಟು ಹರಿದು, ದಾರಿಯಲ್ಲೇ ಸುಮಾರು ಮೂರು ವೋಲ್ಟ್ ಕಳೆದುಹೋಗಿ, ಕ್ಯಾಮೆರಾಗೆ ಒಂಬತ್ತು ವೋಲ್ಟ್ ಮುಟ್ಟುತ್ತದೆ. ಪಾಪ, ಅದು ಹೇಗೋ ಸುಧಾರಿಸುತ್ತದೆ. ರಾತ್ರಿ ಹೆಚ್ಚು ಕೇಳಿದಾಗ ಹೆಚ್ಚು ಕರೆಂಟು ಹರಿಯಬೇಕು, ಹೆಚ್ಚು ಹರಿದಷ್ಟೂ ದಾರಿಯ ಖರ್ಚು ಹೆಚ್ಚುತ್ತದೆ, ಮುಟ್ಟುವ ವೋಲ್ಟೇಜ್ ಇನ್ನೂ ಇಳಿಯುತ್ತದೆ, ಕ್ಯಾಮೆರಾ ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ. ಕೊನೆಗೆ ಕುಸಿಯುತ್ತದೆ. ಕುಸಿದ ಕೂಡಲೇ ದೀಪ ಆರಿ, ಭಾರ ಇಳಿದು, ಮತ್ತೆ ಚಾಲೂ ಆಗುತ್ತದೆ. ಕತ್ತಲೆ ಇದ್ದೇ ಇದೆ, ಮತ್ತೆ ದೀಪ. ನೀವು ಮೊಬೈಲ್‌ನಲ್ಲಿ ನೋಡುತ್ತಿರುವುದು ಈ ಚಕ್ರವನ್ನು.

12 ವೋಲ್ಟ್‌ನ ಅಡಾಪ್ಟರ್ ಹತ್ತೂವರೆ ಓಮ್‌ನ ದಾರಿಯ ಆಚೆ ಕೊಡಬಲ್ಲ ಗರಿಷ್ಠ ಶಕ್ತಿ ಸುಮಾರು ಮೂರೂವರೆ ವ್ಯಾಟ್. ಅಡಾಪ್ಟರ್ 1 ಆಂಪಿಯರ್‌ನದಾಗಲಿ 50 ಆಂಪಿಯರ್‌ನದಾಗಲಿ ಇದು ಬದಲಾಗದು. ಕೆರೆಯಲ್ಲಿ ನೀರು ಎಷ್ಟಿದ್ದರೇನು, ಕಾಲುವೆಯೇ ಕಿರಿದು. ಅಸಲಿ ತಾಮ್ರದ ಕೇಬಲ್ ಹಾಕಿದ್ದರೂ ಈ ಅಂಕಿ ಐದೂಕಾಲಿನ ಆಸುಪಾಸಿಗೆ ಏರುತ್ತಿತ್ತು, ನಿಮ್ಮ ಕ್ಯಾಮೆರಾಗೆ ಆಗಲೂ ಸಾಲದು. ಅದಕ್ಕಿಂತ ಮುಖ್ಯವಾದ ಸಂಗತಿ: ಮನೆಯ ಹತ್ತಿರ ಆ ಕೇಬಲ್ ಇಲಿ ಕಡಿದು ಶಾರ್ಟ್ ಆಯಿತೆನ್ನಿ, 1 ಆಂಪಿಯರ್ ಅಡಾಪ್ಟರ್ ಬೇಗ ಕೈಚೆಲ್ಲುತ್ತದೆ, 5 ಆಂಪಿಯರ್‌ನದು ಆ ಕೂದಲೆಳೆ ತಂತಿಯಲ್ಲಿ 5 ಆಂಪಿಯರ್ ತಳ್ಳಬಲ್ಲದು. ನೀವು 48 ವೋಲ್ಟ್‌ಗೆ ಹೆದರುತ್ತಿದ್ದೀರಿ. ನನಗೆ ಹೆದರಿಕೆ ಈಗ ನಿಮ್ಮ ಮನೆಯಲ್ಲಿರುವ ಆ 12 ವೋಲ್ಟ್‌ನದು. ಇವತ್ತೇ ಆ 5 ಆಂಪಿಯರ್ ಅಡಾಪ್ಟರನ್ನು ಕಳಚಿಡಿ.

ಈಗ ಅಸಲಿ ಪಿಒಇ. ವೋಲ್ಟೇಜ್ ನಾಲ್ಕು ಪಟ್ಟು ಏರಿಸಿದರೆ ಅದೇ ವ್ಯಾಟ್‌ಗೆ ಕರೆಂಟು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ದಾರಿಯಲ್ಲಿ ಪೋಲಾಗುವುದು ಹದಿನಾರರಲ್ಲಿ ಒಂದು ಭಾಗಕ್ಕೆ. ನಿಮ್ಮ ಇದೇ ಕಳಪೆ ಕೇಬಲ್‌ನಲ್ಲಿ 48 ವೋಲ್ಟ್ ಕಳುಹಿಸಿದರೆ ರಾತ್ರಿಯ ಐದೂವರೆ ವ್ಯಾಟ್‌ಗೆ ದಾರಿಯಲ್ಲಿ ಕಳೆಯುವುದು ಒಂದೂಕಾಲು ವೋಲ್ಟ್ ಮಾತ್ರ. ಈ 48 ಹೊಸ ಆವಿಷ್ಕಾರವೇನಲ್ಲ. ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ನೆನಪಿದೆಯಲ್ಲ? ಊರಿಗೆಲ್ಲ ಕರೆಂಟು ಹೋಗಿ ಕತ್ತಲಾದಾಗಲೂ ಕಪ್ಪು ಫೋನಿನಲ್ಲಿ ಟೋನ್ ಬರುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ 48 ವೋಲ್ಟ್ ಆ ಎರಡೆಳೆ ತಂತಿಯಲ್ಲೇ ಮನೆಗೆ ಬರುತ್ತಿತ್ತು. ಕಚೇರಿಗಳಲ್ಲಿ ಫೋನ್‌ಗಳು ಕಂಪ್ಯೂಟರ್ ಜಾಲಕ್ಕೆ ಬಂದಾಗ, ‘ಇದಕ್ಕೂ ಹಾಗೆಯೇ ತಂತಿಯಲ್ಲೇ ಕರೆಂಟು ಬರಲಿ’ ಎಂಬ ಬೇಡಿಕೆ ಹುಟ್ಟಿತು. 2000ದಲ್ಲಿ ನೆಟ್‌ವರ್ಕ್ ಸಾಧನಗಳ ಕಂಪನಿ ಸಿಸ್ಕೋ ತನ್ನದೇ ರೀತಿಯಲ್ಲಿ ಅದನ್ನು ಮಾಡಿತು. 2003ರಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ ಎಲ್ಲರಿಗೂ ಒಂದೇ ನಿಯಮ ಬರೆಯಿತು. ನಿಮ್ಮ ಕ್ಯಾಮೆರಾದ ಲೇಬಲ್ಲಿನ 802.3ಎಎಫ್ ಅದೇ.

ಆ ನಿಯಮದ ಜೀವಾಳ ಒಂದೇ: ಕೇಳದೆ ಕೊಡಬಾರದು. ಸ್ವಿಚ್ಚಿನ ತೂತಿಗೆ ಏನನ್ನಾದರೂ ಚುಚ್ಚಿದಾಗ ಅದು 48 ವೋಲ್ಟ್ ಸುರಿಯುವುದಿಲ್ಲ. ಮೊದಲು ಮೂರರಿಂದ ಹತ್ತು ವೋಲ್ಟ್‌ಗಳೊಳಗೆ, ಐದು ಮಿಲಿಆಂಪಿಯರ್ ಮೀರದಂತೆ, ತಟ್ಟಿ ನೋಡುತ್ತದೆ. ಆಚೆಯ ಸಾಧನದಲ್ಲಿ 25 ಕಿಲೋಓಮ್‌ನ ಒಂದು ಪ್ರತಿರೋಧ ಗುರುತಿನ ಚೀಟಿಯಂತೆ ಕುಳಿತಿರಬೇಕು. ಅದು ಕಂಡರೆ ವೋಲ್ಟೇಜನ್ನು ಇಪ್ಪತ್ತರ ಸಮೀಪಕ್ಕೆ ಏರಿಸಿ ‘ಎಷ್ಟು ಬೇಕು’ ಎಂದು ಕೇಳುತ್ತದೆ. ಸಾಧನ ಎಳೆಯುವ ಕರೆಂಟಿನ ಪ್ರಮಾಣವೇ ಉತ್ತರ. ಆಮೇಲಷ್ಟೇ ಪೂರ್ಣ ವೋಲ್ಟೇಜ್. ಒಂದು ತೂತಿನಿಂದ ಗರಿಷ್ಠ 15.4 ವ್ಯಾಟ್, ದಾರಿಯ ಖರ್ಚು ಕಳೆದು ಸಾಧನಕ್ಕೆ 12.95 ವ್ಯಾಟ್ ಖಾತ್ರಿ. ಕೇಬಲ್ ಕಿತ್ತರೆ ಒಂದು ಸೆಕೆಂಡಿನೊಳಗೆ ಕರೆಂಟು ನಿಲ್ಲುತ್ತದೆ. ಶಾರ್ಟ್ ಆದರೂ ಅಷ್ಟೇ.

ಹೀಗಾಗಿ ಮಕ್ಕಳ ವಿಷಯ ಚಿಕ್ಕದು. ಗೋಡೆಯಲ್ಲಿ ಖಾಲಿ ಇರುವ ತೂತಿನಲ್ಲಿ, ಕಿತ್ತು ನೇತುಬಿದ್ದ ಕೇಬಲ್ಲಿನ ತುದಿಯಲ್ಲಿ 48 ವೋಲ್ಟ್ ಇರುವುದೇ ಇಲ್ಲ. ಓಡುತ್ತಿರುವ ಕೇಬಲ್ ಸಿಪ್ಪೆ ಹೋಗಿ ಕೈ ತಗುಲಿದರೂ ಅದು 57 ವೋಲ್ಟ್ ಮೀರದ ಡಿಸಿ. ಒಣಗಿದ ಕೈಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ, ಒದ್ದೆ ಕೈಗೆ ಜುಮ್ಮೆನ್ನಬಹುದು. ಗೋದಾಮಿನ ಬಲ್ಬಿನ ಹೋಲ್ಡರ್ ಇದಕ್ಕಿಂತ ಎಷ್ಟೋ ಅಪಾಯಕಾರಿ.

ಭಾವನವರ ಲ್ಯಾಪ್‌ಟಾಪಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಒಂದು ಸಹಕಾರ ಸಂಘದ ಕಚೇರಿಗೆ ನನ್ನನ್ನು ಕರೆಸಿದ್ದರು. ಮಾಳಿಗೆಯ ಮೇಲಿನ ವೈರ್‌ಲೆಸ್ ರೇಡಿಯೊಗೆ 24 ವೋಲ್ಟ್ ಕೊಡುವ ಚಿಕ್ಕ ಇಂಜೆಕ್ಟರ್ ಮೇಜಿನ ಕೆಳಗಿತ್ತು. ಅದಕ್ಕೆ ಎರಡು ತೂತು, ನೋಡಲು ಅವಳಿ ಜವಳಿ. ಕಸ ಗುಡಿಸುವಾಗ ಕಳಚಿಕೊಂಡದ್ದನ್ನು ಗುಮಾಸ್ತರು ಅದಲುಬದಲು ಚುಚ್ಚಿದ್ದರು. ಕಂಪ್ಯೂಟರ್ ಬಿಚ್ಚಿದಾಗ ಸುಟ್ಟ ವಾಸನೆ. ನೆಟ್‌ವರ್ಕ್ ಕಾರ್ಡಿನ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ಎರಡು ರೆಸಿಸ್ಟರ್‌ಗಳು ಕರಕಲಾಗಿದ್ದವು. ಅವು 75 ಓಮ್‌ನವು, ಸಂಕೇತದ ಶುಚಿಗಾಗಿ ಬಹುತೇಕ ಎಲ್ಲ ಕಂಪ್ಯೂಟರ್‌ಗಳ ನೆಟ್‌ವರ್ಕ್ ತೂತಿನ ಹಿಂದೆಯೂ ಇರುತ್ತವೆ, ನೇರ ಡಿಸಿ ನುಗ್ಗಿದರೆ ತಾಳಲಾರವು. ಹೀಗೆ ಕೇಳದೆ ಸುರಿಯುವುದನ್ನು ‘ಪ್ಯಾಸಿವ್ ಪಿಒಇ’ ಎನ್ನುತ್ತಾರೆ. ನಿಯಮಬದ್ಧ ಸ್ವಿಚ್ ಆದರೆ ಲ್ಯಾಪ್‌ಟಾಪ್ ಚುಚ್ಚಿದಾಗ ತಟ್ಟಿ ನೋಡಿ, 25 ಕಿಲೋಓಮ್ ಕಾಣದೆ, ಡೇಟಾ ಮಾತ್ರ ಕೊಟ್ಟು ಸುಮ್ಮನಾಗುತ್ತದೆ. ಭಾವನವರು ಪ್ಯಾಸಿವ್‌ನ ಹಾವಳಿ ಎಲ್ಲೋ ಕಂಡಿರಬೇಕು.

ತೊಂದರೆಯೆಂದರೆ ‘48 ವೋಲ್ಟ್ ಪಿಒಇ ಸ್ವಿಚ್’ ಎಂದು ಮಾರಾಟವಾಗುವ ಅಗ್ಗದ ಪೆಟ್ಟಿಗೆಗಳಲ್ಲಿಯೂ ಪ್ಯಾಸಿವ್ ಇವೆ. ಹೊರಗಿನಿಂದ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ. ಎರಡೂ ತುದಿಗೆ ಪ್ಲಗ್ಗಿರುವ ಹಳೆಯ ಚಿಕ್ಕ ನೆಟ್‌ವರ್ಕ್ ಕೇಬಲ್ (ಪ್ಯಾಚ್ ಕೇಬಲ್) ಒಂದನ್ನು ನಡುವೆ ಕತ್ತರಿಸಿ ಒಂದು ತುದಿಯನ್ನು ಸ್ವಿಚ್ಚಿಗೆ ಚುಚ್ಚಿ. ಕತ್ತರಿಸಿದ ಕಡೆ ನೀಲಿ ತಂತಿಗೂ ಕಂದು ತಂತಿಗೂ ನಡುವೆ, ಆಮೇಲೆ ಕಿತ್ತಳೆಗೂ ಹಸಿರಿಗೂ ನಡುವೆ, ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟೇಜ್ ನೋಡಿ. ಮುಳ್ಳು 48ರಲ್ಲಿ ಗಟ್ಟಿಯಾಗಿ ನಿಂತರೆ ಆ ಸ್ವಿಚ್ಚನ್ನು ಅಂಗಡಿಗೇ ಮರಳಿಸಿ. ಕೆಲವು ವೋಲ್ಟ್‌ಗಳು ಮಿಣುಕಿ ಮಾಯವಾಗುತ್ತಿದ್ದರೆ ಅದು ತಟ್ಟಿ ನೋಡುತ್ತಿದೆ, ಇಟ್ಟುಕೊಳ್ಳಿ. ಪೆಟ್ಟಿಗೆಯ ಮೇಲೆ ಒಟ್ಟು ಎಷ್ಟು ವ್ಯಾಟ್ ಎಂದೂ ನೋಡಿ. ‘ಎಂಟು ತೂತು, ತಲಾ 30 ವ್ಯಾಟ್’ ಎಂದು ಬರೆದು ಒಳಗೆ 60 ವ್ಯಾಟ್‌ನ ಅಡಾಪ್ಟರ್ ಇಟ್ಟಿರುವುದು ಮಾಮೂಲು. ನಿಮ್ಮ ನಾಲ್ಕು ಕ್ಯಾಮೆರಾ ಸೇರಿ 24 ವ್ಯಾಟ್, ಆದ್ದರಿಂದ ನಿಮಗೆ 60 ಸಾಕು. ‘ಎಎಫ್’ ನಿಯಮದ ಮುಂದಿನ ಆವೃತ್ತಿಗಳಲ್ಲಿ 2009ರ ‘ಎಟಿ’ 30 ವ್ಯಾಟ್‌ನದು, 2018ರ ‘ಬಿಟಿ’ 90 ವ್ಯಾಟ್‌ವರೆಗೆ ಹೋಗುತ್ತದೆ. ತಿರುಗುವ ದೊಡ್ಡ ಕ್ಯಾಮೆರಾಗಳಿಗೆ, ಭಾರೀ ವೈಫೈ ಪೆಟ್ಟಿಗೆಗಳಿಗೆ ಅವು ಬೇಕು. ನಿಮಗೆ ಅನಗತ್ಯ ಖರ್ಚು.

ಕರೆಂಟು ಹರಿದರೆ ಇಂಟರ್‌ನೆಟ್ ನಿಧಾನವಾಗುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ. ಅಡಿಕೆ ಮಂಡಿಯ ತಕ್ಕಡಿಯನ್ನು ನೆನೆಸಿಕೊಳ್ಳಿ. ಎರಡೂ ತಟ್ಟೆಗೆ ಸಮತೂಕ ಹಾಕಿದರೆ ಮುಳ್ಳು ಅಲುಗದು. ಒಂದು ಜೋಡಿಯ ಎರಡೂ ತಂತಿಗಳ ಮೇಲೆ ಡಿಸಿ ಸಮನಾಗಿ ಕೂರುತ್ತದೆ, ಡೇಟಾ ಎಂದರೆ ಆ ಎರಡು ತಂತಿಗಳ ನಡುವಿನ ವ್ಯತ್ಯಾಸ, ಅಂದರೆ ಮುಳ್ಳಿನ ಓಲಾಟ. ಎರಡೂ ತುದಿಯ ಟ್ರಾನ್ಸ್‌ಫಾರ್ಮರ್‌ಗಳು ಓಲಾಟವನ್ನು ಮಾತ್ರ ದಾಟಿಸುತ್ತವೆ.

ಸಿಡಿಲಿನ ವಿಷಯ ಹಾಗೆ ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. 48 ವೋಲ್ಟ್ ಇದ್ದ ಮಾತ್ರಕ್ಕೆ ಕೇಬಲ್ ಸಿಡಿಲನ್ನು ಕರೆಯುವುದಿಲ್ಲ. ಕೋಟಿಗಟ್ಟಲೆ ವೋಲ್ಟ್‌ನ ಮೋಡಕ್ಕೆ ನಿಮ್ಮ 48 ಯಾವ ಲೆಕ್ಕ. ಆದರೆ ಕರೆಂಟಿರಲಿ ಇಲ್ಲದಿರಲಿ, ಎರಡು ಕಟ್ಟಡಗಳ ನಡುವೆ ಎಂಬತ್ತು ಮೀಟರ್ ಲೋಹದ ತಂತಿ ಎಳೆದಿರುವುದೇ ಅಪಾಯ. ಗೋದಾಮಿನ ಹಿಂದಿನ ಮರಕ್ಕೆ ಸಿಡಿಲು ಬಡಿಯಿತು ಎನ್ನಿ. ಆ ಕರೆಂಟು ನೆಲದಲ್ಲಿ ಹರಡುವ ಕ್ಷಣದಲ್ಲಿ ಗೋದಾಮಿನ ನೆಲಕ್ಕೂ ಮನೆಯ ನೆಲಕ್ಕೂ ನಡುವೆ ಸಾವಿರಾರು ವೋಲ್ಟ್ ಅಂತರ ಏರ್ಪಡಬಹುದು. ಆ ಎರಡು ನೆಲಗಳನ್ನು ಜೋಡಿಸುವ ತಂತಿ ನಿಮ್ಮ ಕೇಬಲ್. ನೆಟ್‌ವರ್ಕ್ ತೂತಿನ ಒಳಗಿನ ಟ್ರಾನ್ಸ್‌ಫಾರ್ಮರ್ ತಡೆಯಬೇಕಾದ ಮಿತಿ 1500 ವೋಲ್ಟ್. ಅದರಾಚೆ ಯಾವುದಕ್ಕೂ ಖಾತ್ರಿಯಿಲ್ಲ. ನಿಮ್ಮ ರೂಟರ್ ಬಹುಶಃ ಈ ದಾರಿಯಲ್ಲೇ ಹೋಗಿರಬೇಕು, ಅಥವಾ ಕರೆಂಟಿನ ಲೈನ್‌ನಿಂದ. ಸತ್ತ ರೂಟರ್ ಇನ್ನೂ ಇದ್ದರೆ ನೋಡಿ: ಅಡಾಪ್ಟರ್ ಬದಲಿಸಿದರೆ ದೀಪ ಹೊತ್ತಿಯೂ ನೆಟ್‌ವರ್ಕ್ ತೂತುಗಳು ಮಾತ್ರ ಸತ್ತಿದ್ದರೆ ಕೇಬಲ್‌ನ ಮೇಲೆ ಅನುಮಾನ ಹೆಚ್ಚು.

ಅತಿ ಕಡಿಮೆ ಖರ್ಚಿನ ದಾರಿ ಎಂದರೆ ಇದೇ ಕೇಬಲ್ಲಿಗೆ ಮನೆಯಲ್ಲಿ ನಿಯಮಬದ್ಧ ಎಎಫ್ ಸ್ವಿಚ್ ಹಾಕಿ, ಎರಡೂ ಕವಲು ಬಾಲಗಳನ್ನು ತೆಗೆದು ಕೇಬಲನ್ನು ಕ್ಯಾಮೆರಾಗೆ ನೇರ ಚುಚ್ಚುವುದು. ಇವತ್ತು ರಾತ್ರಿಯೇ ಕ್ಯಾಮೆರಾ ನಿಲ್ಲದೆ ಓಡೀತು. ಸ್ವಿಚ್ಚಿಗೆ ಒಂದು ಚಿಕ್ಕ ಯುಪಿಎಸ್ ಕೊಟ್ಟರೆ, ರೂಟರ್ ಮತ್ತು ರೆಕಾರ್ಡರ್ ಕೂಡ ಅದರ ಮೇಲಿದ್ದರೆ, ಕರೆಂಟು ಹೋದಾಗಲೂ ನಾಲ್ಕೂ ಕ್ಯಾಮೆರಾ ಎದ್ದಿರುತ್ತವೆ. ಪಿಒಇಯ ದೊಡ್ಡ ಸುಖ ಇದು. ಆದರೆ ಸಿಸಿಎ ತಂತಿ ಬಗ್ಗಿಸಿದಲ್ಲಿ ಮುರಿಯುತ್ತದೆ, ಪ್ಲಗ್ಗಿನ ಹಲ್ಲು ಕಚ್ಚಿದ ಜಾಗದಲ್ಲಿ ಕಾಲಕ್ರಮೇಣ ಸಡಿಲಾಗಿ ಬಿಸಿಯಾಗುತ್ತದೆ. ಕ್ಯಾಟ್-6 ಎಂದು ಮೇಲೆ ಅಚ್ಚು ಹಾಕಿದ್ದರೂ ಆ ದರ್ಜೆಗೆ ಪೂರ್ತಿ ತಾಮ್ರವೇ ಇರಬೇಕೆಂಬುದು ನಿಯಮ. ಸಿಡಿಲಿನ ಅಪಾಯ ಇದ್ದಲ್ಲೇ ಇರುತ್ತದೆ.

ಕೇಬಲ್ ಬದಲಿಸುವುದಾದರೆ ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಸಿಪ್ಪೆಯ ಅಸಲಿ ತಾಮ್ರದ್ದು ತನ್ನಿ. ಅಂಗಡಿಯಲ್ಲಿ ಬ್ಲೇಡಿನಿಂದ ತಂತಿ ಕೆರೆದು ನೋಡಿ, ಒಳಗೂ ಕೆಂಪಿರಬೇಕು. 305 ಮೀಟರ್‌ನ ಪೂರ್ತಿ ಪೆಟ್ಟಿಗೆ ಕೊಳ್ಳುವುದಾದರೆ ಎತ್ತಿ ನೋಡಿದರೂ ತಿಳಿಯುತ್ತದೆ: 24 ಗೇಜಿನದರಲ್ಲಿ ತಾಮ್ರವೇ ನಾಲ್ಕೂವರೆ ಕಿಲೋ ಇರಬೇಕು, ಸಿಪ್ಪೆಯ ತೂಕ ಬೇರೆ. ಪೈಪಿನಲ್ಲಿ ಹಾಕಿ ನೆಲದಡಿ ಒಯ್ಯಿರಿ, ಎರಡೂ ತುದಿಗೆ ಪಿಒಇ ತಾಳುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದು ಬಂದ ಹೊಡೆತವನ್ನು ನೆಲಕ್ಕೆ ಇಳಿಸುವ ಸಾಧನ. ಅದಕ್ಕೆ ಸರಿಯಾದ ಅರ್ಥಿಂಗ್ ಕೊಡದೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಬಾಗಿಲಿಗೆ ಕಟ್ಟಿದ ನಿಂಬೆಹಣ್ಣಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಅರ್ಥಿಂಗ್ ಇದ್ದರೂ ಹತ್ತಿರದಲ್ಲೇ ಬಡಿದ ಸಿಡಿಲನ್ನು ಅದು ತಡೆದೇ ತಡೆಯುತ್ತದೆ ಎಂದು ನಾನು ಹೇಳಲಾರೆ.

ನನ್ನ ಮನೆಯಾಗಿದ್ದರೆ ನಾನು ಮಾಡುತ್ತಿದ್ದುದು ಬೇರೆ. ಮನೆಯಿಂದ ಗೋದಾಮಿಗೆ ಲೋಹದ ಎಳೆಯಿಲ್ಲದ ಫೈಬರ್ ಕೇಬಲ್ ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕಿನ ಸಂಕೇತವನ್ನೂ ನೆಟ್‌ವರ್ಕ್ ಕೇಬಲ್‌ನ ಸಂಕೇತವನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಚಿಕ್ಕ ಪೆಟ್ಟಿಗೆ) ಇಟ್ಟು, ಗೋದಾಮಿನ ಕ್ಯಾಮೆರಾಗೆ ಗೋದಾಮಿನ ಲೈನ್‌ನಿಂದಲೇ ಕರೆಂಟು ಕೊಡುತ್ತಿದ್ದೆ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು. ಆ ಬಲ್ಬಿನ ಲೈನ್‌ನಿಂದ ಅಲ್ಲಿನ ಕ್ಯಾಮೆರಾ ಸುಟ್ಟರೂ ಆ ನಷ್ಟ ಮನೆಯ ತನಕ ಬರುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಕರೆಂಟು ಹೋದರೆ ಗೋದಾಮಿಗೆ ಪ್ರತ್ಯೇಕ ಬ್ಯಾಟರಿ ಬೇಕು, ಫೈಬರ್ ತುಂಡಾದರೆ ಜೋಡಿಸಲು ಯಂತ್ರವಿರುವವರೇ ಬರಬೇಕು. ಬಲ್ಬಿನ ಬದಲು ಸೋಲಾರ್ ಪ್ಯಾನೆಲ್ ಹಾಕೋಣವೆಂದು ಯಾರಾದರೂ ಹೇಳಿದರೆ ಜುಲೈ ತಿಂಗಳಲ್ಲಿ ಕೊಪ್ಪಕ್ಕೆ ಬಂದು ಬಿಸಿಲು ತೋರಿಸಲು ಹೇಳಿ. ಮನೆಯ ಮೂರು ಕ್ಯಾಮೆರಾಗಳಿಗೆ ಮಾತ್ರ ಪಿಒಇ ಸ್ವಿಚ್ಚೇ ಸರಿ, ಅದರಲ್ಲಿ ಎರಡನೆಯ ಯೋಚನೆ ಬೇಡ.

ಯಾವ ದಾರಿ ಹಿಡಿದರೂ ಹೊರಗಿನ ಪ್ಲಗ್ಗುಗಳನ್ನು ಮಳೆಯಿಂದ ಕಾಪಾಡಿ. ಡಿಸಿ ಇರುವ ಪ್ಲಗ್ಗಿನೊಳಗೆ ನೀರಿನ ಪಸೆ ಸೇರಿದರೆ ಹಲ್ಲುಗಳು ಕೆಲವೇ ವಾರಗಳಲ್ಲಿ ಹಸಿರು ಕಟ್ಟಿ ತಿಂದುಹೋಗುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಬರುವ ದೂರುಗಳಲ್ಲಿ ಇದೇ ಹೆಚ್ಚು. ಪ್ಲಗ್ಗನ್ನು ಮುಚ್ಚಿದ ಡಬ್ಬಿಯೊಳಗೆ ಇಡಿ, ಡಬ್ಬಿಗೆ ಕೇಬಲ್ ಕೆಳಗಿನಿಂದ ಸೇರಲಿ, ಸೇರುವ ಮೊದಲು ಒಂದು ಗೇಣು ಜೋತುಬಿದ್ದಿರಲಿ. ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ತೆಗೆದಿಟ್ಟ ಅಡಾಪ್ಟರ್‌ಗಳನ್ನು ಎಸೆಯಬೇಡಿ. ಫೈಬರ್ ಹಾಕಿಸಿದರೆ ಗೋದಾಮಿನಲ್ಲಿ ಕ್ಯಾಮೆರಾದ ಪಕ್ಕದಲ್ಲೇ 2 ಆಂಪಿಯರ್‌ನದನ್ನು ಚುಚ್ಚಿ; ಎಂಬತ್ತು ಮೀಟರ್ ನಡೆಯಲಾರದ ಆ 12 ವೋಲ್ಟ್‌ಗೆ ಒಂದು ಮೀಟರ್ ಏನೂ ಅಲ್ಲ. ಮೀಡಿಯಾ ಕನ್ವರ್ಟರ್‌ಗಳಲ್ಲಿ ಹಲವು 5 ವೋಲ್ಟ್‌ನವು, ಅದರ ಅಡಾಪ್ಟರ್ ಅದರ ಜೊತೆಗೇ ಬರುತ್ತದೆ, ಪ್ಲಗ್ಗು ಒಂದೇ ಥರ ಕಂಡಿತೆಂದು ಅದಲುಬದಲು ಮಾಡಬೇಡಿ. 1 ಆಂಪಿಯರ್‌ನದು ಹೊಸ ರೂಟರಿಗೆ ಬಿಡಿಯಾಗಿ ಇರಲಿ, ರೂಟರ್ ಕೂಡ 12 ವೋಲ್ಟ್, 1 ಆಂಪಿಯರ್‌ನದೇ ಎಂದು ಅದರ ಹಿಂದಿನ ಲೇಬಲ್ ನೋಡಿಕೊಂಡ ಮೇಲೆ.